ಬ್ರದರ್ ಎಲ್ಡನ್ ಬರೆದ ಒಳ್ಳೆಯ ಮಾತು

ಪ್ರಶ್ನೆ ಒಂದೇ ಸಾಲಿನದು. ಒಂಬತ್ತನೆಯ ತರಗತಿಯಿಂದ ಈಚೆಗೆ ಶಾಲೆಯು ನಿಮ್ಮ ಮೇಲೆ ಶಿಸ್ತಿನ ಕ್ರಮ ತೆಗೆದುಕೊಂಡಿದೆಯೇ? ಕೆಳಗೆ ಎರಡು ಚೌಕಗಳು. ಹೌದು ಎಂದವರು ನಡೆದದ್ದನ್ನು ತಮ್ಮ ಮಾತಿನಲ್ಲಿ ಬರೆಯಬೇಕು. ಇಲ್ಲ ಎಂದವರು ಮುಂದಿನ ಪುಟಕ್ಕೆ ಹೋಗಬಹುದು.

ಕೆಂಡ್ರಾ ಸ್ಲೋನ್ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ಆ ಸಾಲಿನ ಮುಂದೆ ಒಂದು ಪಿರಿಯಡ್ ಪೂರ್ತಿ ಕುಳಿತಿದ್ದಳು. ಅವಳಿಗೆ ಹದಿನೇಳು ವರ್ಷ. ಬೆಟ್ಟದಾಚೆಯ ಆ ಕಾಲೇಜಿನಲ್ಲಿ ಫೀಸು ಕೇಳುವುದಿಲ್ಲ. ಓದುವ ಮಕ್ಕಳು ಅಡುಗೆಮನೆಯಲ್ಲೋ ಹಾಲಿನ ಕೊಟ್ಟಿಗೆಯಲ್ಲೋ ದುಡಿದು ಓದುತ್ತಾರೆ. ನರ್ಸಿಂಗ್ ಕಲಿಯಲು ಅವಳು ಹೋಗಬಹುದಾದ ಕಾಲೇಜು ಅದೊಂದೇ. ತಾಯಿಯ ಕೊನೆಯ ಆರು ವಾರ ಮನೆಗೆ ಬಂದು ಹೋಗುತ್ತಿದ್ದ ನರ್ಸನ್ನು ನೋಡಿದ ದಿನದಿಂದ ಅವಳಿಗೆ ಬೇರೆ ಆಸೆ ಇರಲಿಲ್ಲ.

ಶಾಲೆಯ ಸಲಹೆಗಾರ್ತಿ ಹೋಲ್ಬ್ರುಕ್ ಮೇಡಂ ಹಿಂದಿನ ದಿನವೇ ಹೇಳಿದ್ದರು: "ನಮ್ಮ ಜಿಲ್ಲೆಯ ಶಾಲೆಗಳು ಆ ವಿಷಯ ಯಾವ ಕಾಲೇಜಿಗೂ ಬರೆದು ಕಳಿಸಲ್ಲ. ಅದು ನಿಯಮ. ನನ್ನ ಫಾರಂನಲ್ಲಿ ಆ ಜಾಗ ಖಾಲಿ ಬಿಡ್ತೀನಿ. ನಿನ್ನ ಫಾರಂನಲ್ಲಿ ಏನು ಬರೀತೀಯೋ ಅದು ನಿನಗೆ ಬಿಟ್ಟಿದ್ದು, ಕಣಮ್ಮ."

ಖಾಲಿ ಬಿಡುತ್ತಾರೆ ಎಂಬ ಒಂದು ಮಾತು ಕೆಂಡ್ರಾಳ ಕಿವಿಯಲ್ಲಿ ಉಳಿಯಿತು. ಗಂಟೆ ಹೊಡೆಯುವ ಹೊತ್ತಿಗೆ ಅವಳು 'ಇಲ್ಲ' ಎಂಬ ಚೌಕವನ್ನು ಒತ್ತಿದಳು. ಕೆಳಗೆ ತನ್ನ ಹೆಸರು ಟೈಪು ಮಾಡಿ, ಬರೆದದ್ದೆಲ್ಲ ನಿಜವೆಂದು ಒಪ್ಪಿ, ಕಳಿಸಿಬಿಟ್ಟಳು.

ಸಂಜೆ ಅಜ್ಜಿ ವರ್ಡಿ ಒಲೆಯ ಮುಂದೆ ಹುರುಳಿಕಾಯಿ ಬೇಯಿಸುತ್ತ ಕೇಳಿದಳು: "ಎಲ್ಲಾ ಬರೆದ್ಯಾ, ಕೂಸೇ?"

"ಬರೆದೆ."

"ಆ ಹುಡುಗಿ ಕೈ ವಿಷಯಾನೂ?"

"ಹೂಂ, ಅಜ್ಜಿ."

"ಒಳ್ಳೇದು. ಬಚ್ಚಿಟ್ಟದ್ದು ಹೊಟ್ಟೆ ಒಳಗೆ ಕೊಳೆಯುತ್ತೆ," ಎಂದು ಅಜ್ಜಿ ಪಾತ್ರೆಗೆ ಇನ್ನೊಂದು ತುಂಡು ಹಂದಿಮಾಂಸ ಹಾಕಿದಳು. ಕೆಂಡ್ರಾ ತಟ್ಟೆಗಳನ್ನು ಜೋಡಿಸಿದಳು. ಒಂದೇ ದಿನದಲ್ಲಿ ಎರಡು ಸುಳ್ಳಾಗಿತ್ತು. ಎರಡನೆಯದು ಎಷ್ಟು ಸುಲಭವಾಗಿ ಬಾಯಿಂದ ಬಂತೆಂದು ಅವಳಿಗೇ ದಿಗಿಲಾಯಿತು.

ಆ ಕೈಯ ಸಂಗತಿ ಊರಿಗೆಲ್ಲ ಗೊತ್ತಿದ್ದದ್ದೇ. ಎರಡು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಕೆಂಡ್ರಾಳ ತಾಯಿ ತೀರಿಕೊಂಡಳು. ಅಂತ್ಯಕ್ರಿಯೆಯ ದಿನ ಚರ್ಚಿನಲ್ಲಿ ಪಿಯಾನೋ ನುಡಿಸಿದವಳು ಅದೇ ತರಗತಿಯ ಟಾರಿನ್ ಕಾಡಿಲ್. ಮುಂದಿನ ವಾರ ಶಾಲೆಯ ಲಾಕರುಗಳ ಸಾಲಿನಲ್ಲಿ ಟಾರಿನ್ ಇನ್ನೊಬ್ಬಳಿಗೆ ಹೇಳಿಕೊಂಡು ನಗುತ್ತಿದ್ದಳು: ಮೂರನೆಯ ಚರಣಕ್ಕೆ ತಪ್ಪು ಹಾಡು ಶುರುವಾಗಿಹೋಯಿತು, ಹೆಣದ ಮುಂದೆ ನಗು ತಡೆಯೋದೇ ಕಷ್ಟವಾಯಿತು ಅಂತ. ಅವಳ ಎಡಗೈ ತೆರೆದ ಲಾಕರಿನ ಅಂಚಿನ ಮೇಲಿತ್ತು. ಎದುರಿಗೆ ಬಂದು ನಿಂತ ಕೆಂಡ್ರಾ ಕಬ್ಬಿಣದ ಬಾಗಿಲನ್ನು ಭುಜಕೊಟ್ಟು ದೂಡಿದಳು. ಎರಡು ಬೆರಳು ಮುರಿದವು. ಕೆಂಡ್ರಾಳನ್ನು ಹತ್ತು ದಿನ ಶಾಲೆಯಿಂದ ಹೊರಗಿಟ್ಟರು.

ಮುಂದಿನ ಫೆಬ್ರವರಿಯಲ್ಲಿ ಅವಳು ಚರ್ಚಿನಲ್ಲಿ ಎದ್ದುನಿಂತು, ಎಲ್ಲರ ಎದುರಿಗೆ ತನ್ನ ಪಾಪವನ್ನು ಹೇಳಿಕೊಂಡಳು. ಸಿಟ್ಟಿನಿಂದ ಕಣ್ಣು ಕತ್ತಲಾಗಿತ್ತು, ಅಲ್ಲಿ ಕೈ ಇದ್ದದ್ದು ಕಾಣಲಿಲ್ಲ, ದೇವರು ಕ್ಷಮಿಸಲಿ ಎಂದಳು. ಜನ ಅತ್ತರು. ಟಾರಿನ್‌ಳ ತಾಯಿಯೇ ಬಂದು ಅವಳನ್ನು ತಬ್ಬಿಕೊಂಡಳು. ಏಪ್ರಿಲಿನಲ್ಲಿ ಹಳ್ಳದ ತಣ್ಣನೆಯ ನೀರಿನಲ್ಲಿ ಅವಳಿಗೆ ದೀಕ್ಷಾಸ್ನಾನವಾಯಿತು. ಅಲ್ಲಿಗೆ ಆ ಮಾತು ಮುಗಿಯಿತೆಂದು ಎಲ್ಲರೂ ತಿಳಿದರು.

ಅರ್ಜಿ ಕಳಿಸಿದ ಮೂರನೆಯ ಭಾನುವಾರ, ಆರಾಧನೆ ಮುಗಿದ ಮೇಲೆ, ಪಾದ್ರಿ ಬ್ರದರ್ ಎಲ್ಡನ್ ಮೆಟ್ಟಿಲ ಮೇಲೆ ಕೆಂಡ್ರಾಳನ್ನು ನಿಲ್ಲಿಸಿದರು. ಎಪ್ಪತ್ತು ದಾಟಿದವರು. ಗಣಿಯಲ್ಲಿ ಮೂವತ್ತು ವರ್ಷ ದುಡಿದು, ಆಮೇಲೆ ದೇವರ ಕೆಲಸಕ್ಕೆ ಬಂದವರು. ಶಾಲೆಯವರಲ್ಲದ ಒಬ್ಬರಿಂದ ನಿನ್ನ ಬಗ್ಗೆ ಪತ್ರ ಬರೆಸು ಎಂದು ಕಾಲೇಜು ಕೇಳಿತ್ತು. ಕೆಂಡ್ರಾ ಅವರನ್ನೇ ಕೇಳಿದ್ದಳು.

"ಶುಕ್ರವಾರ ಪೋಸ್ಟ್ ಮಾಡ್ದೆ, ಮಗಳೇ. ಒಂದು ನಕಲು ನಿನಗೆ ಇರಲಿ ಅಂತ ತೆಗೆದಿಟ್ಟೆ. ನಾಲ್ಕು ಸಲ ತಿದ್ದಿದ್ದೀನಿ. ಇಷ್ಟು ಚೆನ್ನಾಗಿ ನಾನು ನನ್ನ ಹೆಂಡ್ತಿ ಬಗ್ಗೇನೂ ಬರೆದವನಲ್ಲ."

"ಅದೇ ನಿಜ," ಎಂದಳು ಹಿಂದೆ ನಿಂತಿದ್ದ ಅವರ ಹೆಂಡತಿ.

ಕೆಂಡ್ರಾ ಹಾಳೆ ಬಿಡಿಸಿದಳು. ಮೊದಲ ಸಾಲು ಹೀಗಿತ್ತು: 'ಮಾನ್ಯರೇ, ಈ ಹುಡುಗಿ ತನ್ನ ಹದಿನೈದನೆಯ ವಯಸ್ಸಿನಲ್ಲಿ, ತಾಯಿ ಸತ್ತ ದುಃಖದಲ್ಲಿ ಕಣ್ಣು ಕಾಣದವಳಾಗಿ, ಸಹಪಾಠಿಯ ಎರಡು ಬೆರಳು ಮುರಿದು, ಶಾಲೆಯಿಂದ ಹತ್ತು ದಿನ ಹೊರಹಾಕಿಸಿಕೊಂಡವಳು.' ಅಲ್ಲಿಂದ ಮುಂದೆ, ಅವಳು ಹೇಗೆ ಎದ್ದಳು, ದೇವರು ಅವಳನ್ನು ಹೇಗೆ ಎತ್ತಿದ ಎಂಬುದು ಒಂದು ಪುಟವಿತ್ತು.

ಆ ಚರ್ಚಿನಲ್ಲಿ ಒಬ್ಬರನ್ನು ಹೊಗಳುವ ರೀತಿಯೇ ಅದು. ಮೊದಲು ಎಷ್ಟು ಆಳಕ್ಕೆ ಬಿದ್ದಿದ್ದರೆಂದು ಹೇಳದೆ, ಎಷ್ಟು ಮೇಲೆ ಬಂದರೆಂದು ಯಾರೂ ಹೇಳುವುದಿಲ್ಲ. ಬಿದ್ದದ್ದನ್ನು ಬಿಟ್ಟು ಬರೆದರೆ ಅದು ಹೊಗಳಿಕೆಯಲ್ಲ, ಅವಮಾನ. ಬ್ರದರ್ ಎಲ್ಡನ್ ತಮಗೆ ಗೊತ್ತಿದ್ದ ಅತ್ಯಂತ ಒಳ್ಳೆಯ ಮಾತನ್ನೇ ಬರೆದಿದ್ದರು.

ಕೆಂಡ್ರಾ ಹಾಳೆಯನ್ನು ಮಡಿಸಿದಳು. "ಥ್ಯಾಂಕ್ಸ್, ಬ್ರದರ್," ಎಂದಳು. ತನ್ನ ದನಿ ದೂರದಿಂದೆಲ್ಲೋ ಬಂದಹಾಗೆ ಕೇಳಿಸಿತು.

"ಅತ್ತುಬಿಡಬೇಡ. ಅವರು ಓದಿ ಅಳಲಿ," ಎಂದು ಅವರು ನಕ್ಕು ಅವಳ ತಲೆ ಸವರಿದರು.

ಸೋಮವಾರ ಶಾಲೆಯ ಬಸ್ಸು ಇಳಿದವಳೇ ಅವಳು ಅಂಚೆ ಕಚೇರಿಗೆ ಓಡಿದಳು. ಅಂಚೆಯ ಕೆಲಸದ ಲೋರೀನ್ ಕಿಟಕಿಯ ಹಿಂದೆ ಕುಳಿತು ಕ್ಯಾಟಲಾಗುಗಳನ್ನು ವಿಂಗಡಿಸುತ್ತಿದ್ದಳು.

"ಶುಕ್ರವಾರ ಬ್ರದರ್ ಎಲ್ಡನ್ ಒಂದು ಕಾಗದ ಹಾಕಿದ್ರಲ್ಲ, ಅದು ಇಲ್ಲೇ ಇದೆಯಾ?"

"ಶುಕ್ರವಾರದ್ದು? ಇದು ಅಂಚೆ ಕಚೇರಿ ಕಣೇ, ಉಪ್ಪಿನಕಾಯಿ ಜಾಡಿ ಅಲ್ಲ, ಇಟ್ಕೊಂಡು ಕೂರೋಕೆ. ಶುಕ್ರವಾರವೇ ಹೋಯ್ತು."

"ವಾಪಸ್ ತರಿಸೋಕೆ ಆಗಲ್ವಾ?"

"ಹಾಕಿದವರು ಬಂದು ಕೇಳಬೇಕು. ಅವರಿಗೆ ಬೇಕಂತಾ?" ಲೋರೀನ್ ಕನ್ನಡಕದ ಮೇಲಿಂದ ಅವಳನ್ನು ನೋಡಿದಳು. "ಯಾಕೆ ಮುಖ ಹಿಟ್ಟಿನ ಹಾಗೆ ಬಿಳಿಚಿಕೊಂಡಿದೆ? ಅದೇನು ನಿನ್ನ ಮೇಲೆ ಬರೆದ ದೂರಾ?"

"ಅಲ್ಲ. ಹೊಗಳಿ ಬರೆದದ್ದು."

"ಹಾಗಾದ್ರೆ ಹೋಗ್ಲಿ ಬಿಡು."

ಕೆಂಡ್ರಾ ಹೊರಗೆ ಬಂದು ಗೋಡೆಗೆ ಒರಗಿದಳು. ಎರಡು ಕಾಗದಗಳು ಒಂದೇ ಮೇಜಿನ ಮೇಲೆ ಪಕ್ಕಪಕ್ಕದಲ್ಲಿ ಇರುವುದು ಅವಳ ಕಣ್ಣಿಗೆ ಕಟ್ಟಿತು. ಒಂದರಲ್ಲಿ 'ಇಲ್ಲ'. ಇನ್ನೊಂದರಲ್ಲಿ ಎರಡು ಬೆರಳು, ಹತ್ತು ದಿನ. ಗುರುತಿಲ್ಲದ ಯಾರೋ ಇದನ್ನು ನೋಡಿ ಅದನ್ನು ನೋಡಿ, ಬೆರಳಿಟ್ಟು ಪಕ್ಕದವರಿಗೆ ತೋರಿಸುತ್ತಾರೆ. ಬೆರಳು ಮುರಿದದ್ದನ್ನು ಅವರು ಮನ್ನಿಸಿದರೂ ಮನ್ನಿಸಿಯಾರು. ಸುಳ್ಳು ಹೇಳಿದ್ದನ್ನು ಮನ್ನಿಸುವುದಿಲ್ಲ. ಅರ್ಜಿಯಲ್ಲೇ ಬರೆದಿತ್ತು: ತಪ್ಪು ಮಾಹಿತಿ ಕೊಟ್ಟವರ ಅರ್ಜಿ ರದ್ದು.

ಮಂಗಳವಾರ ಊಟದ ಬಿಡುವಿನಲ್ಲಿ, ಆಟದ ಮೈದಾನದ ಬೇಲಿಯ ಹತ್ತಿರ ನಿಂತು, ಕಾಲೇಜಿಗೆ ಫೋನು ಮಾಡಿದಳು. ಹೆಸರು ಹೇಳುವ ಮೊದಲೇ ಎರಡು ಸಲ ಫೋನು ಇಟ್ಟುಬಿಟ್ಟಳು. ಮೂರನೆಯ ಸಲ ಒಬ್ಬ ಹೆಂಗಸು ಸಮಾಧಾನವಾಗಿ ಕೇಳಿಸಿಕೊಂಡಳು.

"ಒಂದು ಉತ್ತರ ತಪ್ಪಾಗಿ ಬಿದ್ದಿದೆ," ಎಂದಳು ಕೆಂಡ್ರಾ.

"ತಪ್ಪಾಗಿ ಬಿದ್ದಿದೆಯೋ, ತಪ್ಪು ಬರೆದದ್ದೋ?"

ಕೆಂಡ್ರಾ ಬೇಲಿಯ ತಂತಿಯನ್ನು ಹಿಡಿದುಕೊಂಡಳು. "ಬರೆದದ್ದು."

"ಸರಿ. ನಿನ್ನ ಕಡತ ಇನ್ನೂ ಸಮಿತಿ ಮುಂದೆ ಹೋಗಿಲ್ಲ. ಶುಕ್ರವಾರದೊಳಗೆ ತಿದ್ದುಪಡಿ ಕಳಿಸು. ನಡೆದದ್ದು ಏನು, ಮೊದಲು ಯಾಕೆ ಬರೀಲಿಲ್ಲ, ಎರಡೂ ಇರಲಿ. ಅವರು ಏನು ಮಾಡ್ತಾರೆ ಅಂತ ನಾನು ಹೇಳೋಕಾಗಲ್ಲಮ್ಮ. ಅವರು ಓದ್ತಾರೆ ಅಂತ ಮಾತ್ರ ಹೇಳಬಲ್ಲೆ."

ಅಂದು ಸಂಜೆ ಅಜ್ಜಿಗೆ ಹೇಳಲೇಬೇಕಾಯಿತು. ವರ್ಡಿ ಕೇಳುತ್ತ ಕೇಳುತ್ತ ಕುರ್ಚಿಯಲ್ಲಿ ಕುಳಿತಳು. ಮಗಳನ್ನು ಮಣ್ಣು ಮಾಡಿದ ಮೇಲೆ ಅವಳು ಗಟ್ಟಿಯಾಗಿ ಗದರಿದ್ದೇ ಇಲ್ಲ. ಅಂದೂ ಗದರಲಿಲ್ಲ.

"ಇದೇ ಒಲೆ ಮುಂದೆ ಕೇಳಿದ್ದೆ. ಹೂಂ ಅಂದೆ."

"ಹೆದರಿಕೆ ಆಯ್ತು, ಅಜ್ಜಿ."

"ನನಗೂ ಹೆದರಿಕೆ ಆಗ್ತಿದೆ ಕಣೇ ಈಗ. ನೀನಿಲ್ಲಿ ಉಳಿದ್ರೆ ಏನಿದೆ ನಿನಗೆ? ಗಲ್ಲಾಪೆಟ್ಟಿಗೆ ಹಿಂದೆ ನಿಲ್ಲೋ ಕೆಲಸ, ಇಲ್ಲಾ ಕೆಲಸ ಇಲ್ಲದ ಗಂಡ." ಎದ್ದು ಮೇಜು ಒರೆಸಿ, ಕಾಗದ ಪೆನ್ನು ತಂದಿಟ್ಟಳು. "ಕೂತ್ಕೋ. ಚರ್ಚಲ್ಲಿ ಹೇಳಿದ್ಯಲ್ಲ, ಅದನ್ನೇ ಬರಿ. ಅವತ್ತು ಕಲ್ಲೂ ಕರಗೋ ಹಾಗೆ ಹೇಳಿದ್ದೆ."

ಕೆಂಡ್ರಾ ಬರೆಯತೊಡಗಿದಳು. ಲಾಕರು, ನಗು, ಬಾಗಿಲು. 'ಅಲ್ಲಿ ಕೈ ಇದ್ದದ್ದು ನನಗೆ' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಹಾಳೆ ಹರಿದಳು. ಎರಡನೆಯ ಹಾಳೆಯೂ ಅಲ್ಲಿಗೇ ಬಂದು ನಿಂತಿತು. ಮೂರನೆಯದೂ ಹಾಗೆಯೇ ಆಯಿತು.

ಕೈ ಅವಳಿಗೆ ಕಂಡಿತ್ತು. ಬಿಳಿಯ ಅಂಚಿನ ಮೇಲೆ ನಾಲ್ಕು ಬೆರಳು, ಕಿರುಬೆರಳಿನ ಉಗುರಿಗೆ ಹಚ್ಚಿದ ನೀಲಿ ಬಣ್ಣ, ಎಲ್ಲ ಕಂಡಿತ್ತು. ಕಂಡ ಮೇಲೆಯೇ ಭುಜ ಕೊಟ್ಟಿದ್ದಳು. ಕಾಣಲಿಲ್ಲ ಎಂದು ಮೊದಲು ಪ್ರಿನ್ಸಿಪಾಲರಿಗೆ ಹೇಳಿದಳು, ಆಮೇಲೆ ಅಜ್ಜಿಗೆ, ಆಮೇಲೆ ಚರ್ಚಿಗೆ. ಹಳ್ಳದ ನೀರಿನಲ್ಲಿ ಮುಳುಗುವಾಗಲೂ ಅದನ್ನು ಒಳಗಿಟ್ಟುಕೊಂಡೇ ಮುಳುಗಿದ್ದಳು. ದೇವರ ಎದುರಿಗೆ ಹೇಳಿದ ಸುಳ್ಳನ್ನು ಈಗ ಕಾಲೇಜಿನ ಎದುರಿಗೂ ಹೇಳಿದರೆ ಸೀಟು ಸಿಕ್ಕರೂ ಸಿಕ್ಕೀತು. ಆ ಯೋಚನೆ ಬಂದೊಡನೆ ಅವಳು ಪೆನ್ನು ಕೆಳಗಿಟ್ಟಳು.

"ಏನಾಯ್ತು?" ಎಂದಳು ಅಜ್ಜಿ.

ಕೆಂಡ್ರಾ ಹೇಳಿದಳು. ಮಾತು ಮುಗಿಯುವವರೆಗೂ ಮೇಜನ್ನೇ ನೋಡುತ್ತಿದ್ದಳು. ತಲೆಯೆತ್ತಿದಾಗ ಅಜ್ಜಿ ಕಣ್ಣು ಮುಚ್ಚಿಕೊಂಡಿದ್ದಳು. ತುಟಿ ಅಲ್ಲಾಡುತ್ತಿತ್ತು. ಕಣ್ಣು ತೆರೆದು ಅವಳು ಅಂದದ್ದು ಇಷ್ಟೇ: "ಗುರುತಿಲ್ಲದವರು ಓದೋಕೆ ಮೊದಲು ಕೈ ಯಾರದ್ದೋ ಅವಳಿಗೆ ಹೇಳು."

ಟಾರಿನ್ ದಿನವೂ ಸಂಜೆ ಶಾಲೆ ಮುಗಿದ ಮೇಲೆ ಹೆದ್ದಾರಿಯ ಬದಿಯ ಐಸ್‌ಕ್ರೀಂ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಬುಧವಾರ ಕೆಂಡ್ರಾ ಹೋದಾಗ ಗಿರಾಕಿಗಳಿರಲಿಲ್ಲ. ಟಾರಿನ್ ಯಂತ್ರದ ತಟ್ಟೆಯನ್ನು ತಿಕ್ಕುತ್ತಿದ್ದಳು. ಎಡಗೈಯ ಕೊನೆಯ ಎರಡು ಬೆರಳು ಸ್ವಲ್ಪ ಮಡಚಿಯೇ ಇರುತ್ತಿದ್ದವು. ಚರ್ಚಿನ ಪಿಯಾನೋವನ್ನು ಈಗ ಅವಳ ಚಿಕ್ಕಮ್ಮ ನುಡಿಸುತ್ತಿದ್ದಳು.

"ಏನು ಕೊಡ್ಲಿ?"

"ಏನೂ ಬೇಡ. ಒಂದು ಮಾತು ಹೇಳಬೇಕಿತ್ತು."

"ಪುಕ್ಕಟೆ ಮಾತು ಕೇಳೋಕೆ ನನಗೆ ಸಂಬಳ ಕೊಡಲ್ಲ," ಎಂದಳು ಟಾರಿನ್. ಆದರೂ ತಟ್ಟೆ ಕೆಳಗಿಟ್ಟಳು.

ಕೆಂಡ್ರಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಮರೆತುಹೋದವು. "ಅವತ್ತು ನಿನ್ನ ಕೈ ನನಗೆ ಕಾಣ್ತಿತ್ತು," ಎಂದಳು.

"ಗೊತ್ತು."

ಯಂತ್ರ ಗುಂಯ್ ಎನ್ನುತ್ತಿತ್ತು.

"ಎದುರಿಗೇ ನಿಂತಿದ್ದೆನಲ್ಲೇ. ನೀನು ಕೈ ನೋಡಿದೆ. ಆಮೇಲೆ ನನ್ನ ಮುಖ ನೋಡಿದೆ. ಆಮೇಲೆ ದೂಡಿದೆ. ಆ ಕ್ರಮ ನಾನು ಮರೀತೀನಾ?"

"ಚರ್ಚಲ್ಲಿ ನಾನು ಹೇಳುವಾಗ ನೀನು ಮೂರನೇ ಸಾಲಲ್ಲಿ ಕೂತಿದ್ದೆ. ಯಾಕೆ ಏನೂ ಅನ್ಲಿಲ್ಲ?"

"ಏನನ್ನಲಿ? ಎಲ್ಲಾರೂ ಅಳ್ತಿದ್ರು. ನಮ್ಮಮ್ಮನೇ ಹೋಗಿ ನಿನ್ನ ತಬ್ಕೊಂಡ್ಳು. ಈ ಮಡಚಿದ ಬೆರಳು ಎತ್ತಿ, ಇವಳು ಸುಳ್ಳು ಹೇಳ್ತಾಳೆ ಅಂದಿದ್ರೆ, ನಾನೇ ಕೆಟ್ಟವಳಾಗ್ತಿದ್ದೆ." ಟಾರಿನ್ ಒದ್ದೆ ಬಟ್ಟೆಯನ್ನು ಹಿಂಡಿದಳು. "ನಾನು ನಕ್ಕಿದ್ದೂ ನಿಜ. ಬರೀ ಲಾಕರ್ ಹತ್ರ ಅಲ್ಲ, ನಿಮ್ಮಮ್ಮನ ಮುಂದೇನೇ. ಅದನ್ನ ನಾನೂ ಯಾರಿಗೂ ಹೇಳಿಲ್ಲ."

ಕೆಂಡ್ರಾ ಕಾಲೇಜಿನ ಕಾಗದದ ವಿಷಯ ಹೇಳಿದಳು. ಬರೆದರೆ ಸೀಟು ಹೋಗಬಹುದು ಎಂದಳು. ತಾನು ಸಮಾಧಾನದ ಮಾತಿಗಾಗಿ ಕಾಯುತ್ತಿದ್ದೇನೆಂದು, ಅದು ಬಾರದಿದ್ದಾಗ ಅವಳಿಗೆ ತಿಳಿಯಿತು.

"ಹೋದ್ರೂ ಹೋಗಬಹುದು," ಎಂದಳು ಟಾರಿನ್. "ಬರಿ. ಆದ್ರೆ ಒಂದು ಮಾತು. ನಾನು ಕ್ಷಮಿಸಿದ್ದೀನಿ ಅಂತ ಮಾತ್ರ ಬರೀಬೇಡ. ಅದನ್ನ ನಾನಿನ್ನೂ ಮಾಡಿಲ್ಲ."

ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಟಾರಿನ್ ಕಿಟಕಿ ತೆರೆದು, "ಹೇಳಿ ಸರ್, ಏನು ಕೊಡ್ಲಿ?" ಎಂದಳು.

ಗುರುವಾರ ಕೆಂಡ್ರಾ ಬರೆದು ಮುಗಿಸಿದಳು. ಮುಕ್ಕಾಲು ಪುಟಕ್ಕಿಂತ ಹೆಚ್ಚಾಗಲಿಲ್ಲ. ಕಣ್ಣು ಕತ್ತಲಾದದ್ದು ಅದರಲ್ಲಿರಲಿಲ್ಲ; ದೇವರು ಎತ್ತಿದ್ದೂ ಇರಲಿಲ್ಲ. ಕಳಿಸುವ ಮೊದಲು ಬ್ರದರ್ ಎಲ್ಡನ್ ಅವರ ಮನೆಗೆ ಹೋಗಿ ಓದಿ ಹೇಳಿದಳು. ಅವರು ತಮ್ಮ ಒರಟು ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಕೇಳಿದರು. ಅವರ ಮುಖ ಒಮ್ಮೆಗೇ ಮುದಿಯಾದಂತೆ ಕಂಡಿತು.

"ಹಾಗಾದ್ರೆ ನಾನು ಸುಳ್ಳಿಗೆ ರುಜು ಹಾಕಿದ್ದೀನಿ," ಎಂದರು.

"ನಿಮಗೆ ಗೊತ್ತಿರಲಿಲ್ಲ, ಬ್ರದರ್."

"ನೀರಲ್ಲಿ ನಿನ್ನ ಹಿಡಿದಿದ್ದು ಈ ಕೈ. ಗೊತ್ತಾಗಬೇಕಿತ್ತು." ಆಮೇಲೆ ಎದ್ದು, ಬಾಗಿಲವರೆಗೆ ಅವಳೊಡನೆ ಬಂದು, "ಕಳಿಸು," ಎಂದರು. ತಲೆ ಸವರಲಿಲ್ಲ.

ಡಿಸೆಂಬರಿನ ಎರಡನೆಯ ವಾರ ಕಾಲೇಜಿನಿಂದ ಕರೆ ಬಂತು. ಸಮಿತಿಯವರು ಅವಳನ್ನು ಎದುರಿಗೆ ಕಂಡು ಮಾತಾಡಬೇಕಂತೆ. ಹಾಗೆ ಎಲ್ಲರನ್ನೂ ಕರೆಯುವುದಿಲ್ಲವೆಂದು ಹೋಲ್ಬ್ರುಕ್ ಮೇಡಂ ಹೇಳಿದರು. ಅದು ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಅವರಿಗೂ ತಿಳಿಯದು. ನಾಲ್ಕು ದಿನ ಬಿಟ್ಟು ಬರಲು ಹೇಳಿದ್ದರು.

ಅಜ್ಜಿಯ ಹಳೆಯ ಟ್ರಕ್ಕನ್ನು ಬೆಟ್ಟದ ತಿರುವುಗಳಲ್ಲಿ ಅವಳೇ ನಡೆಸಿದಳು. ಅಜ್ಜಿ ಅಂತ್ಯಕ್ರಿಯೆಗಳಿಗೆ ಹಾಕುವ ಕಪ್ಪು ಕೋಟು ಹಾಕಿಕೊಂಡಿದ್ದಳು. ಅದಕ್ಕಿಂತ ಒಳ್ಳೆಯದು ಅವಳಲ್ಲಿರಲಿಲ್ಲ. ಅವಳನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಕೆಂಡ್ರಾಳನ್ನು ಒಳಗೆ ಕರೆದರು.

ಮೂವರಿದ್ದರು. ನಡುವೆ ಕುಳಿತಿದ್ದವರು ನರೆಗೂದಲಿನ ಹೆಂಗಸು, ನರ್ಸಿಂಗ್ ವಿಭಾಗದ ಮುಖ್ಯಸ್ಥೆ. ಅವರ ಮುಂದೆ ಎರಡು ಹಾಳೆಗಳು ಪಕ್ಕಪಕ್ಕದಲ್ಲಿದ್ದವು. ಕೆಂಡ್ರಾ ಕುರ್ಚಿಯ ಅಂಚಿನಲ್ಲಿ ಕುಳಿತು, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು.

"ನಿಮ್ಮ ಪಾದ್ರಿ ಬರೆದ ಪತ್ರ ಓದಿದ್ವಿ," ಎಂದರು ಆಕೆ. "ನೀನು ಕಳಿಸಿದ್ದನ್ನೂ ಓದಿದ್ವಿ. ಅವರದ್ದರಲ್ಲಿ ಹುಡುಗಿ ಕಾಣದೆ ಬಾಗಿಲು ದೂಡಿದ್ದಾಳೆ. ನಿನ್ನದ್ರಲ್ಲಿ ಕಂಡು ದೂಡಿದ್ದಾಳೆ. ಯಾವುದನ್ನ ನಂಬಬೇಕು ನಾವು?"

ಕೆಂಡ್ರಾ ಬಾಯಿ ತೆರೆಯುವ ಮೊದಲೇ ಆಕೆ ಮುಂದುವರಿಸಿದರು. ದನಿಯಲ್ಲಿ ಮರುಕವಿತ್ತು. "ಅವಸರ ಮಾಡಬೇಡ. ಹೆತ್ತವರನ್ನ ಕಳ್ಕೊಂಡ ಮಕ್ಕಳನ್ನ ನಾನು ಬಹಳ ನೋಡಿದ್ದೀನಿ. ಕೆಲವು ಸಲ ಅವರು ತಮ್ಮದಲ್ಲದ ತಪ್ಪನ್ನೂ ತಲೆ ಮೇಲೆ ಹೊತ್ಕೊಂಡುಬಿಡ್ತಾರೆ. ಎರಡು ವರ್ಷ ಕಳೆದ ಮೇಲೆ, ಕಂಡಿತ್ತು ಅಂತ ಅನಿಸಬಹುದು. ಹಾಗೇನಾದ್ರೂ ಆಗಿದೆಯಾ?"

ಆಕೆ ಬಾಗಿಲು ತೆರೆದು ಹಿಡಿದಿದ್ದರು. ಹೌದು, ಹಾಗೇ ಇರಬಹುದು ಎಂದರೆ ಸಾಕಿತ್ತು. ಆ ಕೋಣೆಯಲ್ಲಿ ಅದನ್ನು ಯಾರೂ ಸುಳ್ಳೆನ್ನಲಾರರು. ಬ್ರದರ್ ಎಲ್ಡನ್ ಪತ್ರ ನಿಜವಾಗುತ್ತಿತ್ತು, ಅಜ್ಜಿ ಹೊರಗೆ ಕುಳಿತು ಮಾಡುತ್ತಿದ್ದ ಪ್ರಾರ್ಥನೆ ಫಲಿಸುತ್ತಿತ್ತು. ಜೀವಮಾನದಲ್ಲಿ ಅವಳಿಗೆ ಅಷ್ಟು ಭಯ ಎಂದೂ ಆಗಿರಲಿಲ್ಲ. ಲಾಕರಿನ ಮುಂದೆಯೂ ಆಗಿರಲಿಲ್ಲ, ತಾಯಿಯ ಉಸಿರು ನಿಂತ ಬೆಳಗ್ಗೆಯೂ ಆಗಿರಲಿಲ್ಲ.

"ಇಲ್ಲ, ಮೇಡಂ," ಎಂದಳು. "ನಂದನ್ನ ನಂಬಿ. ಬ್ರದರ್ ಎಲ್ಡನ್ ನಾನು ಹೇಳಿದ್ದನ್ನ ಬರೆದ್ರು. ನಾನು ಅವರಿಗೆ ಸುಳ್ಳು ಹೇಳಿದ್ದೆ. ಕೈ ಕಂಡಿತ್ತು."

ಬಲಗಡೆ ಕುಳಿತಿದ್ದ ಗಂಡಸು ಪೆನ್ನು ತೆಗೆದುಕೊಂಡು ಏನೋ ಬರೆದರು. ನಡುವಿನ ಹೆಂಗಸು ಬರೆಯಲಿಲ್ಲ. "ನಾಳೆ ನಿನ್ನ ಕೈಗೆ ರೋಗಿಯೊಬ್ಬನನ್ನ ಒಪ್ಪಿಸಬೇಕಾದವಳು ನಾನು. ಅವನೂ ನಿನ್ನ ನೋಡಿ ನಗಬಹುದು. ಬೈಯಬಹುದು."

"ಗೊತ್ತು, ಮೇಡಂ. ಅದಕ್ಕೇ ನನಗೂ ಹೆದರಿಕೆ."

ಆಕೆ ಎರಡೂ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸಿದರು. "ಸೀಟು ಇದೆ ಅಂತ ನಾನು ಇವತ್ತು ಹೇಳಲ್ಲ," ಎಂದರು ಕೊನೆಗೆ. "ಇಲ್ಲ ಅಂತಲೂ ಹೇಳಲ್ಲ. ಇದನ್ನ ನಾವು ಮೂರೂ ಜನ ಕೂತು ಯೋಚನೆ ಮಾಡಬೇಕು. ಮಾರ್ಚಿಗೆ ಬರೆದು ತಿಳಿಸ್ತೀವಿ."

ಹೊರಗೆ ಬಂದಾಗ ಅಜ್ಜಿ ಬೆಂಚಿನಿಂದ ಎದ್ದಳು. ಕೆಂಡ್ರಾ ನಡೆದದ್ದನ್ನು ಹೇಳಿದಳು. ಆ ಹೆಂಗಸು ತೆರೆದು ಹಿಡಿದ ಬಾಗಿಲಿನ ಮಾತನ್ನೂ ಬಿಡದೆ ಹೇಳಿದಳು.

"ಒಳಗೆ ಹೋಗೋಕೆ ಜಾಗ ಇತ್ತು, ಹೋಗಲಿಲ್ಲ ಅನ್ನು," ಎಂದಳು ಅಜ್ಜಿ.

"ಹೂಂ."

"ಮಾರ್ಚ್ ತನಕ ಅಂದ್ರೆ ಇನ್ನೂ ಮೂರು ತಿಂಗಳು ಪ್ರಾರ್ಥನೆ ಮಾಡಬೇಕು. ನನ್ನ ಮೊಣಕಾಲು ಉಳಿಯಲ್ಲ."

"ಏನಂತ ಮಾಡ್ತೀಯ, ಅಜ್ಜಿ?"

"ಸೀಟು ಕೊಡಪ್ಪ ಅಂತ. ಇನ್ನೇನಂತ ಮಾಡ್ಲಿ?"

ಇಬ್ಬರೂ ಟ್ರಕ್ಕಿನ ಹತ್ತಿರ ಬಂದರು. ಕೆಂಡ್ರಾ ಕೀಲಿಯನ್ನು ಅಜ್ಜಿ ಕೂರುವ ಕಡೆಯ ಬಾಗಿಲಿಗೆ ಹಾಕಲು ಹೋದಳು. ಒಂದು ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಅಜ್ಜಿ ಅವಳ ಕೈಯಿಂದ ಕೀಲಿ ತೆಗೆದುಕೊಂಡು, ಕಪ್ಪು ಕೋಟಿನ ಅಂಚನ್ನು ಎತ್ತಿ ಹಿಡಿದು, ಚಾಲಕನ ಕಡೆಗೆ ಸುತ್ತಿಕೊಂಡು ಹೋದಳು.